ಮೈಗ್ರೇನ್‌ಗೆ ವಿಎ ಕ್ಲೇಮ್ ಹಾಕುವುದು ಹೇಗೆ: ‘ಪರವಾಗಿಲ್ಲ’ ಅನ್ನುವ ಮಾಜಿ ಸೈನಿಕರಿಗೆ ಸಮಗ್ರ ಮಾರ್ಗದರ್ಶಿ

ನನ್ನ ತಮ್ಮ ಅಮೆರಿಕದ ಆರ್ಮಿಯಲ್ಲಿ ಆರು ವರ್ಷ ಲಾರಿ ಓಡಿಸಿದವನು. ಅದರಲ್ಲಿ ಒಂದು ವರ್ಷ ಅಫ್ಘಾನಿಸ್ತಾನದಲ್ಲಿದ್ದ. ಅಲ್ಲಿ ಅಂಟಿಕೊಂಡ ಅರೆತಲೆನೋವು ಇನ್ನೂ ಬಿಟ್ಟಿಲ್ಲ. ಬಂತು ಅಂದರೆ ಕಿಟಕಿಗೆ ಕಂಬಳಿ ಕಟ್ಟಿ, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ಮಲಗುತ್ತಾನೆ, ಮಗು ಆಟದ ಸಾಮಾನು ಬೀಳಿಸಿದರೂ ಹಲ್ಲು ಕಚ್ಚುತ್ತಾನೆ, ಎದ್ದು ಒಂದು ಲೋಟ ಗಂಜಿ ಕುಡಿಯುವಷ್ಟರಲ್ಲಿ ಮಾರನೇ ದಿನ ಮಧ್ಯಾಹ್ನ ಆಗಿರುತ್ತದೆ. ಇಂಥವನು ವಿಎ, ಅಂದರೆ ಅಮೆರಿಕದ ಮಾಜಿ ಸೈನಿಕರ ಇಲಾಖೆ, ಮಾಡಿಸುವ ಪರೀಕ್ಷೆಗೆ ಹೋಗಿ, ಹೇಗಿದ್ದೀರಿ ಅಂತ ಕೇಳಿದ್ದಕ್ಕೆ ‘ಫೈನ್’ ಅಂದ. ತಲೆನೋವು ಬಂದಾಗ ಏನು ಮಾಡ್ತೀರಿ ಅಂದಿದ್ದಕ್ಕೆ ‘ಮಾತ್ರೆ ತಗೊಂಡು ಸ್ವಲ್ಪ ಮಲಗ್ತೀನಿ, ಮ್ಯಾನೇಜ್ ಆಗುತ್ತೆ’ ಅಂದ. ಪತ್ರ ಬಂತು. ತಲೆನೋವು ಸೇವೆಯಿಂದಲೇ ಬಂದದ್ದು ಅಂತ ಒಪ್ಪಿದ್ದರು. ರೇಟಿಂಗ್ ಮಾತ್ರ ಸೊನ್ನೆ, ಅಂದರೆ ತಿಂಗಳ ಪರಿಹಾರ ಹಣ ನಿರ್ಧರಿಸುವ ಪರ್ಸೆಂಟ್ ಲೆಕ್ಕದಲ್ಲಿ ಏನೂ ಇಲ್ಲ.

ತಪ್ಪು ಯಾರದ್ದೂ ಅಲ್ಲ, ಅವನದೇ. ನಮ್ಮ ಮನೆಯಲ್ಲಿ ಎಲ್ಲರೂ ಹೀಗೇ. ಅಮ್ಮ ಹಣೆಗೆ ಗಂಧದ ಪಟ್ಟು ಹಾಕಿಕೊಂಡು ಮಲಗಿದ್ದರೂ ಯಾರಾದರೂ ಕೇಳಿದರೆ ‘ಏನಿಲ್ಲ, ಸುಮ್ನೆ ಮಲಗಿದೀನಿ’ ಅನ್ನುವವಳು. ಆ ಸೊನ್ನೆಯನ್ನು 30 ಮಾಡಿಸಲು ನಮಗೆ ಹತ್ತು ತಿಂಗಳು ಹಿಡಿಯಿತು. ಆ ಹೊತ್ತಿಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವಕೀಲೆ ಅಲ್ಲ, ಫಾರ್ಮ್ ತುಂಬಿ ತುಂಬಿ ಸಾಕಾದ ಅಕ್ಕ ಅಷ್ಟೇ.

ಮೊದಲು ಏಣಿ ನೋಡಿ

ವಿಎ ನಿಯಮಪುಸ್ತಕದಲ್ಲಿ ಪ್ರತಿ ಕಾಯಿಲೆಗೂ ಒಂದು ನಂಬರ್ ಇದೆ. ಮೈಗ್ರೇನ್‌ದು 8100. ಅದರಲ್ಲಿ ನಾಲ್ಕೇ ಮೆಟ್ಟಿಲು: 0, 10, 30, 50. ಎಷ್ಟೇ ಕೆಟ್ಟದಿದ್ದರೂ ಈ ನಂಬರಿನಲ್ಲಿ 50ರ ಮೇಲೆ ಮೆಟ್ಟಿಲಿಲ್ಲ.

ಮೆಟ್ಟಿಲು ಹತ್ತಿಸುವುದು ಒಂದೇ ಪದ: ‘ಪ್ರಾಸ್ಟ್ರೇಟಿಂಗ್’. ಆಳನ್ನು ನೆಲಕ್ಕೆ ಹಾಕುವಂಥದ್ದು ಅಂತ ಅರ್ಥ. ಬಂದರೆ ಮಾಡುತ್ತಿದ್ದ ಕೆಲಸ ಬಿಟ್ಟು ಮಲಗಲೇಬೇಕು, ದಿನನಿತ್ಯದ ಕೆಲಸವೂ ಆಗುವುದಿಲ್ಲ, ಅಂಥ ನೋವು. ಕಳೆದ ಹಲವು ತಿಂಗಳಲ್ಲಿ ಸರಾಸರಿ ಎರಡು ತಿಂಗಳಿಗೊಮ್ಮೆ ಇಂಥದ್ದು ಬಂದರೆ 10. ತಿಂಗಳಿಗೊಮ್ಮೆ ಬಂದರೆ 30. ಎರಡು ತಿಂಗಳಿಗೊಮ್ಮೆಗಿಂತಲೂ ಕಡಿಮೆ ಬಂದರೆ ಸೊನ್ನೆ. 50 ಸಿಗಬೇಕಾದರೆ ದಾಳಿ ತುಂಬಾ ಪದೇಪದೇ ಬರಬೇಕು, ಪೂರ್ತಿ ಮಲಗಿಸಬೇಕು, ಬಹಳ ಹೊತ್ತು ಇರಬೇಕು, ಮತ್ತು ದುಡಿಮೆಗೆ ಜೋರಾದ ಪೆಟ್ಟು ಕೊಡುವಂತಿರಬೇಕು.

ಈ ಕೊನೆಯ ಮಾತಿಗೆ ಹೆದರಿ ಜನ ಹಿಂದೆ ಸರಿಯುತ್ತಾರೆ. ‘ನಾನಿನ್ನೂ ಕೆಲಸಕ್ಕೆ ಹೋಗ್ತೀನಲ್ಲ, ನನಗೆಲ್ಲಿ 50’ ಅಂತ. ಹಾಗೇನಿಲ್ಲ. ಮಾಜಿ ಸೈನಿಕರ ಮೇಲ್ಮನವಿ ಕೋರ್ಟು 2004ರಲ್ಲಿ ಪಿಯರ್ಸ್ ವಿರುದ್ಧ ಪ್ರಿನ್ಸಿಪಿ ಕೇಸಿನಲ್ಲಿ ಇದನ್ನು ಬಿಡಿಸಿ ಹೇಳಿದೆ. ಕೆಲಸ ಕಳೆದುಕೊಂಡೇ ಇರಬೇಕು ಅಂತಿಲ್ಲ, ದುಡಿಮೆಗೆ ಅಂಥ ಪೆಟ್ಟು ಕೊಡುವ ಶಕ್ತಿ ಆ ನೋವಿಗೆ ಇದ್ದರೂ ಸಾಕು. ರಜೆ ಮುಗಿದು ಸಂಬಳ ಕಟ್ಟಾಗುತ್ತಿದ್ದರೆ, ಬಾಸ್‌ನಿಂದ ಎಚ್ಚರಿಕೆ ಬಂದಿದ್ದರೆ, ಶಿಫ್ಟ್ ಬದಲಾಯಿಸಿಕೊಂಡಿದ್ದರೆ, ಅದೆಲ್ಲ ಲೆಕ್ಕಕ್ಕೆ ಬರುತ್ತದೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. 2025ರ ದರದಲ್ಲಿ ಒಂಟಿ ಆಳಿಗೆ 10ಕ್ಕೆ ತಿಂಗಳಿಗೆ 175.51 ಡಾಲರ್, 30ಕ್ಕೆ 537.42, 50ಕ್ಕೆ 1,102.04 ಇತ್ತು. ಪ್ರತಿ ಡಿಸೆಂಬರ್‌ನಲ್ಲಿ ಬೆಲೆಯೇರಿಕೆ ನೋಡಿಕೊಂಡು ದರ ಪರಿಷ್ಕರಿಸುತ್ತಾರೆ. ಇದಕ್ಕೆ ತೆರಿಗೆ ಇಲ್ಲ. ಒಟ್ಟು ರೇಟಿಂಗ್ 30 ಆದಮೇಲೆ ಹೆಂಡತಿ ಅಥವಾ ಗಂಡ, ಮಕ್ಕಳು, ನಿಮ್ಮ ಮೇಲೆ ಅವಲಂಬಿತರಾದ ಅಪ್ಪ ಅಮ್ಮ ಇವರ ಲೆಕ್ಕದಲ್ಲೂ ಇಷ್ಟು ಅಂತ ಸೇರುತ್ತದೆ. ಬರೀ ಸೊನ್ನೆ ಬಂದರೂ ಬಿಸಾಕಬೇಡಿ. ಸೇವೆಗೂ ಕಾಯಿಲೆಗೂ ಸಂಬಂಧ ಇದೆ ಅಂತ ಒಪ್ಪಿಸುವುದೇ ಕಷ್ಟದ ಅರ್ಧ, ಅದು ಮುಗಿದಿರುತ್ತದೆ.

ಇವತ್ತೇ ಮಾಡಬೇಕಾದ ಕೆಲಸ

ಈ ಬರಹ ಓದಿ ಮುಗಿಸುವ ಮೊದಲೇ ಮಾಡಿದರೂ ಸರಿ. ‘ಇಂಟೆಂಟ್ ಟು ಫೈಲ್’ ಅಂತ ಒಂದಿದೆ, ಕ್ಲೇಮ್ ಹಾಕುವ ಉದ್ದೇಶ ಇದೆ ಅಂತ ತಿಳಿಸುವುದು. ಫಾರ್ಮ್ 21-0966. ಫೋನಿನಲ್ಲೂ ಹೇಳಬಹುದು. ವಿಎ ವೆಬ್‌ಸೈಟಿನಲ್ಲಿ ಕ್ಲೇಮ್ ಫಾರ್ಮ್ ತುಂಬಲು ಶುರು ಮಾಡಿದರೆ ತಾನಾಗಿಯೇ ದಾಖಲಾಗುತ್ತದೆ. ಆ ದಿನದಿಂದ ಒಂದು ವರ್ಷದ ಒಳಗೆ ಪೂರ್ತಿ ಕ್ಲೇಮ್ ಹಾಕಿದರೆ, ಕ್ಲೇಮ್ ಗೆದ್ದಮೇಲೆ ದುಡ್ಡನ್ನು ಈ ತಾರೀಖಿನಿಂದ ಲೆಕ್ಕ ಹಾಕುತ್ತಾರೆ. ಕಾಗದಪತ್ರ ಎಲ್ಲ ಸಿಗಲಿ ಆಮೇಲೆ ನೋಡೋಣ ಅಂತ ಕೂತ ಎಂಟು ತಿಂಗಳು ಸುಮ್ನೆ ಹೋಗಿಬಿಡುತ್ತದೆ.

ಇನ್ನೂ ಸೇವೆಯಲ್ಲೇ ಇದ್ದು ಹೊರಬರುವ ದಿನ ಗೊತ್ತಾಗಿದ್ದರೆ, ಹೊರಬರುವ 180ರಿಂದ 90 ದಿನ ಮೊದಲೇ ಕ್ಲೇಮ್ ಹಾಕುವ ಅವಕಾಶ ಇದೆ. ಬಿಡಿಡಿ ಅನ್ನುತ್ತಾರೆ. ಇದಕ್ಕಿಂತ ಸುಲಭದ ದಾರಿ ಇಲ್ಲ, ಆದರೆ ಆ ಗಡಿಬಿಡಿಯಲ್ಲಿ ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ.

ಮೂರು ಕಲ್ಲಿನ ಒಲೆ

ಕ್ಲೇಮ್ ಅನ್ನುವುದು ಮೂರು ಕಲ್ಲಿನ ಒಲೆ ಇದ್ದ ಹಾಗೆ. ಒಂದು ಕಲ್ಲಿಲ್ಲದಿದ್ದರೂ ಪಾತ್ರೆ ಉರುಳುತ್ತದೆ. ಈಗ ಕಾಯಿಲೆ ಇದೆ ಅಂತ ಡಾಕ್ಟರು ಹೇಳಿರಬೇಕು. ಸೇವೆಯಲ್ಲಿದ್ದಾಗ ಏನೋ ಆಗಿರಬೇಕು. ಇವೆರಡನ್ನೂ ಕಟ್ಟುವ ಕೊಂಡಿ ಇರಬೇಕು, ಅದಕ್ಕೆ ‘ನೆಕ್ಸಸ್’ ಅನ್ನುತ್ತಾರೆ.

ಮೊದಲನೆಯದು ಸುಲಭ. ಡಾಕ್ಟರ ಹತ್ತಿರ ಹೋಗಿ, ಸಾಧ್ಯವಾದರೆ ನ್ಯೂರಾಲಜಿಸ್ಟ್. ‘ತಲೆನೋವು’ ಅಂತ ಬರೆಸಿಕೊಂಡು ಬರಬೇಡಿ, ಮೈಗ್ರೇನ್ ಹೌದಾದರೆ ಮೈಗ್ರೇನ್ ಅಂತಲೇ ದಾಖಲೆಯಲ್ಲಿ ಇರಲಿ.

ಎರಡನೆಯದರಲ್ಲೇ ನಮ್ಮವನು ಸಿಕ್ಕಿಕೊಳ್ಳುವುದರಲ್ಲಿದ್ದ. ಆರ್ಮಿಯಲ್ಲಿ ತಲೆನೋವು ಅಂತ ಹೋದರೆ 800 ಮಿಲಿಗ್ರಾಂ ಐಬುಪ್ರೊಫೆನ್ ಕೊಟ್ಟು ಕಳಿಸುತ್ತಾರೆ. ಅದಕ್ಕೆ ಸೈನಿಕರೇ ಇಟ್ಟ ಹೆಸರು ‘ರೇಂಜರ್ ಕ್ಯಾಂಡಿ’. ಯಾವ ಕಾಯಿಲೆಗಾದರೂ ‘ನೀರು ಕುಡಿ, ಸಾಕ್ಸ್ ಬದಲಾಯಿಸು’ ಅನ್ನುವುದು ಅಲ್ಲಿಯ ಹಳೇ ಜೋಕು. ಹಾಗಾಗಿ ಆರು ವರ್ಷದಲ್ಲಿ ತಮ್ಮನ ದಾಖಲೆಯಲ್ಲಿ ತಲೆನೋವು ಅಂತ ಬಂದದ್ದು ಎರಡೇ ಸಲ. ಅದೃಷ್ಟಕ್ಕೆ ಎರಡು ಇತ್ತು. ನಿಮ್ಮ ಸೇವೆಯ ವೈದ್ಯಕೀಯ ದಾಖಲೆ ತರಿಸಿಕೊಂಡು ಒಂದೊಂದು ಪುಟವನ್ನೂ ನೀವೇ ಓದಿ. ವಾಂತಿ, ಬೆಳಕು ಕಂಡರೆ ಆಗದು, ತಲೆಸುತ್ತು, ಕಣ್ಣು ಮಂಜು, ತಲೆಗೆ ಪೆಟ್ಟು, ಇವೆಲ್ಲ ಬೇರೆ ಬೇರೆ ಹೆಸರಲ್ಲಿ ಅಡಗಿ ಕೂತಿರುತ್ತವೆ. ಹೊರದೇಶದ ನಿಯೋಜನೆಗೆ ಹೊರಟಾಗ, ವಾಪಸ್ ಬಂದಾಗ ತುಂಬಿದ ಆರೋಗ್ಯ ಪ್ರಶ್ನಾವಳಿಗಳನ್ನೂ ನೋಡಿ.

ದಾಖಲೆಯಲ್ಲಿ ಏನೂ ಇಲ್ಲದಿದ್ದರೆ? ಆಗಲೂ ಕೈ ಚೆಲ್ಲಬೇಡಿ. ತಲೆನೋವು ಅನ್ನುವುದು ಡಾಕ್ಟರ್ ಅಲ್ಲದವನೂ ನೋಡಿ ಹೇಳಬಹುದಾದ ವಿಷಯ. ಜೊತೆಗಿದ್ದ ಸೈನಿಕ ‘ಹೌದು, ಇವನು ಟೆಂಟಿನಲ್ಲಿ ತಲೆ ಹಿಡಿದುಕೊಂಡು ಮಲಗುತ್ತಿದ್ದ, ಇವನ ಕಾವಲು ಪಾಳಿ ನಾನು ಮಾಡಿದ್ದೇನೆ’ ಅಂತ ಬರೆದುಕೊಟ್ಟರೆ ಅದಕ್ಕೆ ಬೆಲೆ ಇದೆ.

ಮೂರನೆಯ ಕಲ್ಲು, ಕೊಂಡಿ. ಡಾಕ್ಟರು ನೂರಕ್ಕೆ ನೂರು ಖಚಿತ ಅಂತ ಬರೆಯಬೇಕಿಲ್ಲ. ಸೇವೆಯಿಂದ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಅಥವಾ ಜಾಸ್ತಿ ಅಂದರೆ ಸಾಕು. ‘ಆ್ಯಟ್ ಲೀಸ್ಟ್ ಆ್ಯಸ್ ಲೈಕ್ಲಿ ಆ್ಯಸ್ ನಾಟ್’ ಅನ್ನುವ ಮಾತು ಪತ್ರದಲ್ಲಿ ಹಾಗೇ ಇರಲಿ. ಎರಡೂ ಕಡೆ ಸಾಕ್ಷ್ಯ ಸಮ ತೂಗಿದರೆ ಸಂಶಯದ ಲಾಭ ಸೈನಿಕನಿಗೇ ಅಂತ ಕಾನೂನು ಹೇಳುತ್ತದೆ. ಆದರೆ ಬರೀ ಆ ಒಂದು ಸಾಲಿದ್ದರೆ ಬೆಲೆ ಇಲ್ಲ. ಯಾಕೆ ಹಾಗೆ ಅನ್ನಿಸಿತು, ಯಾವ ದಾಖಲೆ ಓದಿದರು, ನೋವು ಯಾವಾಗ ಶುರುವಾಗಿ ಹೇಗೆ ಮುಂದುವರಿಯಿತು, ಇದನ್ನು ಡಾಕ್ಟರು ಬಿಡಿಸಿ ಬರೆದಿರಬೇಕು. ‘ಫೈಲ್ ನೋಡದೆಯೇ ಪತ್ರ ಕೊಡ್ತೀವಿ, ಇಷ್ಟು ಸಾವಿರ ಡಾಲರ್’ ಅನ್ನುವವರಿಂದ ದೂರ ಇರಿ.

ಸುತ್ತು ದಾರಿಯೂ ದಾರಿಯೇ

ಸೇವೆಯಲ್ಲಿ ತಲೆನೋವೇ ಇರಲಿಲ್ಲ, ಆಮೇಲೆ ಶುರುವಾಯಿತು ಅನ್ನುವವರೂ ಇದ್ದಾರೆ. ಅವರಿಗೆ ‘ಸೆಕೆಂಡರಿ’ ದಾರಿ. ಈಗಾಗಲೇ ವಿಎ ಒಪ್ಪಿದ ಇನ್ನೊಂದು ಕಾಯಿಲೆಯಿಂದ ಮೈಗ್ರೇನ್ ಬಂದಿದೆ, ಅಥವಾ ಇದ್ದದ್ದು ಜೋರಾಗಿದೆ ಅಂತ ತೋರಿಸುವುದು. ಕಿವಿಯಲ್ಲಿ ಸದಾ ಗುಂಯ್ ಅನ್ನುವ ಟಿನಿಟಸ್, ಕತ್ತಿನ ನೋವು, ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ ಪಿಟಿಎಸ್‌ಡಿ, ನಿದ್ದೆಯಲ್ಲಿ ಉಸಿರುಕಟ್ಟುವ ಸ್ಲೀಪ್ ಆಪ್ನಿಯ, ತಲೆಗೆ ಬಿದ್ದ ಪೆಟ್ಟಿನಿಂದಾದ ಮಿದುಳಿನ ಗಾಯ ಟಿಬಿಐ, ಇವುಗಳ ಜೊತೆ ಮೈಗ್ರೇನ್ ಕ್ಲೇಮ್ ಹಾಕುವುದು ಸಾಮಾನ್ಯ. ಬೆನ್ನುನೋವಿಗೆ ದಿನಾ ನುಂಗಿದ ನೋವಿನ ಮಾತ್ರೆಯಿಂದಲೇ ತಲೆನೋವು ಹುಟ್ಟುವುದೂ ಉಂಟು. ಇಲ್ಲಿ ಡಾಕ್ಟರ ಪತ್ರ ಇಲ್ಲದೆ ಹೋಗುವುದು ಬರಿಗೈಯಲ್ಲಿ ಹೋದ ಹಾಗೆ.

ಟಿಬಿಐ ಇದ್ದವರಿಗೆ ಒಂದು ಮಾತು. ಒಂದೇ ಲಕ್ಷಣಕ್ಕೆ ಎರಡು ಕಡೆ ರೇಟಿಂಗ್ ಕೊಡುವುದಿಲ್ಲ. ಆದರೆ ಮೈಗ್ರೇನ್ ಅಂತ ಪ್ರತ್ಯೇಕವಾಗಿ ಗುರುತಿಸಿದ್ದರೆ ಅದನ್ನು 8100ರಲ್ಲಿ ಬೇರೆಯಾಗಿಯೇ ನೋಡಲು ನಿಯಮದಲ್ಲಿ ಜಾಗ ಇದೆ. ಅದಕ್ಕೇ ಡಾಕ್ಟರ ದಾಖಲೆಯಲ್ಲಿ ಹೆಸರು ಸ್ಪಷ್ಟವಾಗಿ ಇರಬೇಕು ಅಂದದ್ದು. ಕೊಲ್ಲಿ ಯುದ್ಧದ ಪ್ರದೇಶದಲ್ಲಿ ಇದ್ದು ಬಂದವರಿಗೆ ಕಾರಣ ಗೊತ್ತಾಗದ ದೀರ್ಘಕಾಲದ ಕಾಯಿಲೆಗಳ ಪಟ್ಟಿಯಲ್ಲಿ ತಲೆನೋವೂ ಇದೆ, ಅದನ್ನೂ ಕೇಳಿ ನೋಡಿ.

ಮಲಗಿದ ದಿನಗಳ ಲೆಕ್ಕ

ಇದೇ ಈ ಇಡೀ ಬರಹದ ಹೊಟ್ಟೆ. ಸೊಂಟಕ್ಕೆ ಪೆಟ್ಟಾದರೆ ಎಷ್ಟು ಬಗ್ಗುತ್ತದೆ ಅಂತ ಅಳತೆ ಮಾಡುತ್ತಾರೆ, ಕಿವಿ ಹೋದರೆ ಯಂತ್ರ ಹೇಳುತ್ತದೆ. ಮೈಗ್ರೇನ್‌ಗೆ ಯಾವ ಯಂತ್ರವೂ ಇಲ್ಲ, ಸ್ಕ್ಯಾನ್ ಮಾಡಿದರೆ ಸಾಮಾನ್ಯವಾಗಿ ಎಲ್ಲ ಸರಿ ಅಂತಲೇ ಬರುತ್ತದೆ. ಎಷ್ಟು ಸಲ ಮಲಗಿದೆ ಅನ್ನುವುದನ್ನು ನೀವು ಹೇಳದೆ ಬೇರೆ ಯಾರೂ ಹೇಳಲಾರರು. ಅದಕ್ಕೆ ಡೈರಿ.

ದೊಡ್ಡ ಸಾಹಿತ್ಯ ಬೇಡ. ನಮ್ಮ ನಾದಿನಿ, ಅಂದರೆ ತಮ್ಮನ ಹೆಂಡತಿ, ಅಡುಗೆಮನೆ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕ ಬರೆದ ಹಾಗೆ ಬರೆದಳು. ತಾರೀಖು. ಎಷ್ಟು ಗಂಟೆಗೆ ಶುರು, ಎಷ್ಟಕ್ಕೆ ಎದ್ದ. ಮಲಗಿದ್ದನಾ ಅಥವಾ ಓಡಾಡಿಕೊಂಡಿದ್ದನಾ. ವಾಂತಿ ಆಯ್ತಾ. ಯಾವ ಮಾತ್ರೆ, ಎಷ್ಟು, ಕೆಲಸ ಮಾಡಿತಾ. ಯಾವ ಕೆಲಸ ತಪ್ಪಿತು. ಒಂದು ದಿನದ್ದು ಹೀಗಿತ್ತು: ‘ಮಂಗಳವಾರ, ಬೆಳಿಗ್ಗೆ 5ಕ್ಕೆ ಶುರು, ಬಲಗಣ್ಣಿನ ಹಿಂದೆ. ಕೆಲಸಕ್ಕೆ ಹೋಗಲಿಲ್ಲ. ಎರಡು ಸಲ ವಾಂತಿ. ಕತ್ತಲೆ ಕೋಣೆ. ಮಗನನ್ನು ಸ್ಕೂಲಿಂದ ನಾನೇ ಕರೆತಂದೆ. ರಾತ್ರಿ 9ಕ್ಕೆ ಎದ್ದು ಮೊಸರನ್ನ.’ ಇಷ್ಟೇ ಸಾಲುಗಳಲ್ಲಿ ರೇಟಿಂಗ್ ಕೊಡುವವನಿಗೆ ಬೇಕಾದ ಎಲ್ಲವೂ ಇದೆ.

ಎರಡು ಎಚ್ಚರ. ಸಣ್ಣ ತಲೆನೋವನ್ನೂ ಬರೆಯಿರಿ, ಆದರೆ ಸಣ್ಣದು ಅಂತಲೇ ಬರೆಯಿರಿ. ಎಲ್ಲವೂ ಹತ್ತಕ್ಕೆ ಹತ್ತು ಅಂತಿದ್ದರೆ ಓದುವವನಿಗೆ ನಂಬಿಕೆ ಬರುವುದಿಲ್ಲ, ಬರಲೂಬಾರದು. ಮತ್ತೆ, ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ಪೆನ್ನಿನಲ್ಲಿ ಆರು ತಿಂಗಳದ್ದು ತುಂಬಬೇಡಿ. ಹಳೆಯದಕ್ಕೆ ಬೇರೆ ಪುರಾವೆ ಹುಡುಕಿ. ನಮಗೆ ಸಿಕ್ಕಿದ್ದು ಮನೆಯವರ ವಾಟ್ಸಾಪ್ ಗುಂಪು. ‘ಇವತ್ತು ಮತ್ತೆ ಅವರಿಗೆ ತಲೆನೋವು, ಪೂಜೆಗೆ ಬರಕ್ಕಾಗಲ್ಲ ಅತ್ತೆ’ ಅಂತ ನಾದಿನಿ ಕಳಿಸಿದ ಮೆಸೇಜುಗಳು ಎರಡು ವರ್ಷದವು ಸಿಕ್ಕವು, ತಾರೀಖು ಗಂಟೆ ಸಮೇತ. ಕನ್ನಡದಲ್ಲಿದ್ದವು. ಕೆಳಗೆ ಇಂಗ್ಲಿಷ್ ಅನುವಾದ ಹಾಕಿ ಕಳಿಸಿದೆವು. ಕೆಲಸದ ಕಡೆಯಿಂದ ಸಿಕ್ ಲೀವ್ ಪಟ್ಟಿ, ಔಷಧಿ ಅಂಗಡಿಯಿಂದ ಮೈಗ್ರೇನ್ ಔಷಧಿ ಸುಮಾಟ್ರಿಪ್ಟಾನ್ ಎಷ್ಟು ಸಲ ತುಂಬಿಸಿದಿರಿ ಅನ್ನುವ ಪಟ್ಟಿ, ಎರಡೂ ಸುಲಭಕ್ಕೆ ಸಿಗುತ್ತವೆ.

ಮನೆಯವರ ಹೇಳಿಕೆಗೆ ಫಾರ್ಮ್ 21-10210. ಇಲ್ಲಿ ಹೆಂಡತಿಯೋ ಅಮ್ಮನೋ ಡಾಕ್ಟರ ಭಾಷೆ ಮಾತಾಡಬಾರದು. ಕಣ್ಣಿಂದ ಕಂಡದ್ದು ಮಾತ್ರ. ‘ತೀವ್ರ ಮೈಗ್ರೇನ್‌ನಿಂದ ಬಳಲುತ್ತಾರೆ’ ಅನ್ನುವುದಕ್ಕಿಂತ ‘ಮಗಳ ಹುಟ್ಟುಹಬ್ಬದ ದಿನ ಬಚ್ಚಲುಮನೆ ನೆಲದ ಮೇಲೆ ಮಲಗಿದ್ದರು, ತಣ್ಣಗಿರುತ್ತೆ ಅಂತ’ ಅನ್ನುವುದು ನಾಟುತ್ತದೆ.

ಫಾರ್ಮ್ ಹಾಕುವುದು

ಇದರಲ್ಲಿ ಹೇಳಲು ಜಾಸ್ತಿ ಇಲ್ಲ. ಮುಖ್ಯ ಫಾರ್ಮ್ 21-526ಇಝಡ್, ಆನ್‌ಲೈನ್‌ನಲ್ಲೇ ಹಾಕಬಹುದು. ಖಾಸಗಿ ಡಾಕ್ಟರ ದಾಖಲೆಯನ್ನು ವಿಎ ತರಿಸಿಕೊಳ್ಳಲಿ ಅಂದರೆ 21-4142, ಆದರೆ ನೀವೇ ತಂದು ಹಾಕಿದರೆ ಬೇಗ ಆಗುತ್ತದೆ. ತಲೆನೋವಿಗೇ ಅಂತ ಡಿಬಿಕ್ಯೂ ಅನ್ನುವ ಪ್ರಶ್ನಾವಳಿ ಇದೆ, ವಿಎ ಸೈಟಿನಲ್ಲಿ ಸಿಗುತ್ತದೆ, ನಿಮ್ಮ ಡಾಕ್ಟರಿಂದ ತುಂಬಿಸಿ. ಡಾಕ್ಟರಿಗೆ ಕೊಡುವ ಮೊದಲು ನೀವು ಒಮ್ಮೆ ಓದಿಕೊಳ್ಳಿ, ಪರೀಕ್ಷೆಯಲ್ಲಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ.

ಒಬ್ಬರೇ ಮಾಡಬೇಕಿಲ್ಲ. ಡಿಎವಿ, ಅಮೆರಿಕನ್ ಲೀಜನ್, ವಿಎಫ್‌ಡಬ್ಲ್ಯೂ ಇಂಥ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಪುಕ್ಕಟೆ ಮಾಡಿಕೊಡುತ್ತಾರೆ. ಮೊದಲ ಸಲದ ಕ್ಲೇಮ್ ತಯಾರಿಸಿ ಹಾಕಿಕೊಡಲು ದುಡ್ಡು ತೆಗೆದುಕೊಳ್ಳುವಂತಿಲ್ಲ ಅಂತ ಕಾನೂನೇ ಇದೆ. ವಕೀಲರು ಫೀಸು ಕೇಳಬಹುದಾದದ್ದು ವಿಎ ಒಮ್ಮೆ ತೀರ್ಪು ಕೊಟ್ಟ ಮೇಲೆ, ಬಾಕಿ ಹಣದ 20 ಪರ್ಸೆಂಟ್ ಆದರೆ ನ್ಯಾಯ ಅಂತ ಲೆಕ್ಕ. ರೇಟಿಂಗ್ ಏರಿದರೆ ಮುಂದಿನ ಆರು ತಿಂಗಳು ಏರಿದಷ್ಟು ಹಣ ನಮಗೆ ಕೊಡಿ ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

ಆ ಇಪ್ಪತ್ತು ನಿಮಿಷ

ಆಮೇಲೆ ಪರೀಕ್ಷೆಗೆ ಕರೆ ಬರುತ್ತದೆ. ಸಿ ಆ್ಯಂಡ್ ಪಿ ಪರೀಕ್ಷೆ. ಹೆಚ್ಚಾಗಿ ಗುತ್ತಿಗೆ ಡಾಕ್ಟರು. ಚಿಕಿತ್ಸೆಗೆ ಅಲ್ಲ, ಬರೆದುಕೊಳ್ಳಲು ಕೂತಿರುವವರು. ತಮ್ಮನದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ತಪ್ಪಿಸಿಕೊಂಡರೆ ಕ್ಲೇಮ್ ಬಿದ್ದುಹೋಗಬಹುದು, ಆಗದಿದ್ದರೆ ಮೊದಲೇ ಫೋನ್ ಮಾಡಿ ದಿನ ಬದಲಾಯಿಸಿಕೊಳ್ಳಿ.

ಬಾಗಿಲಲ್ಲಿ ‘ಹೇಗಿದ್ದೀರಿ’ ಅಂದರೆ ‘ಇವತ್ತು ನೋವಿಲ್ಲದ ದಿನ’ ಅನ್ನಿ. ಅದು ನಿಜವೂ ಹೌದು. ಕೇಳಿದ್ದಕ್ಕೆ ತಿಂಗಳ ಲೆಕ್ಕದಲ್ಲಿ ಉತ್ತರ ಕೊಡಿ. ‘ಆಗಾಗ ಬರುತ್ತೆ’ ಅನ್ನಬೇಡಿ, ‘ಕಳೆದ ಆರು ತಿಂಗಳಲ್ಲಿ ಒಂಬತ್ತು ಸಲ ಮಲಗಿದ್ದೇನೆ’ ಅನ್ನಿ. ‘ಮಾತ್ರೆ ತಗೊಂಡು ಮಲಗ್ತೀನಿ’ ಅಂದರೆ ಅವರಿಗೆ ಮಧ್ಯಾಹ್ನದ ನಿದ್ದೆ ಅಂತ ಕೇಳಿಸುತ್ತದೆ. ಎಷ್ಟು ಗಂಟೆ, ಏಳಲು ಆಗುತ್ತಾ, ಊಟ ಸೇರುತ್ತಾ, ಫೋನ್ ನೋಡಲು ಆಗುತ್ತಾ, ಆ ಹೊತ್ತಲ್ಲಿ ಮಗು ಬಿದ್ದರೆ ಎತ್ತಿಕೊಳ್ಳುವವರು ಯಾರು, ಅಷ್ಟೂ ಹೇಳಿ. ಡೈರಿಯ ಪ್ರತಿ ಕೈಯಲ್ಲಿರಲಿ, ನೋಡಿಕೊಂಡು ಹೇಳಿದರೆ ತಪ್ಪಲ್ಲ. ಇಲ್ಲದ್ದನ್ನು ಸೇರಿಸಬೇಡಿ, ಸುಳ್ಳು ಹೇಳುವುದು ಅಪರಾಧ. ಆದರೆ ನಮ್ಮವರ ಸಮಸ್ಯೆ ಸುಳ್ಳು ಹೇಳುವುದಲ್ಲ, ಇರುವ ನಿಜವನ್ನೇ ಅರ್ಧಕ್ಕೆ ಇಳಿಸಿ ಹೇಳುವುದು. ಮರ್ಯಾದೆಗೆ ಅಂಜಿ ‘ಪರವಾಗಿಲ್ಲ’ ಅಂದದ್ದನ್ನು ಅವರು ಹಾಗೇ ಬರೆದುಕೊಳ್ಳುತ್ತಾರೆ ಅಲ್ವಾ?

ಮನೆಗೆ ಬಂದ ತಕ್ಷಣ ಏನು ಕೇಳಿದರು, ಏನು ಹೇಳಿದಿರಿ ಅಂತ ಬರೆದಿಡಿ. ಪರೀಕ್ಷೆಯ ವರದಿಯ ಪ್ರತಿ ಕೇಳುವ ಹಕ್ಕೂ ಇದೆ, ಫಾರ್ಮ್ 20-10206. ತಮ್ಮನ ವರದಿ ತರಿಸಿ ನೋಡಿದಾಗಲೇ ‘ಪ್ರಾಸ್ಟ್ರೇಟಿಂಗ್ ಅಟ್ಯಾಕ್’ ಅನ್ನುವ ಪ್ರಶ್ನೆಗೆ ‘ಇಲ್ಲ’ ಅಂತ ಟಿಕ್ ಬಿದ್ದಿರುವುದು ಕಂಡಿದ್ದು.

ಪತ್ರ ಬಂದ ಮೇಲೆ

ಕಡಿಮೆ ಬಂತು, ಅಥವಾ ಇಲ್ಲ ಅಂದರು ಅನ್ನಿ. ಪತ್ರದ ತಾರೀಖಿನಿಂದ ಒಂದು ವರ್ಷ ಕೈಯಲ್ಲಿದೆ. ಅದರೊಳಗೆ ಮುಂದುವರಿಸಿದರೆ ಹಳೆಯ ತಾರೀಖು ಉಳಿಯುತ್ತದೆ.

ಹೊಸ ಪುರಾವೆ ಇದ್ದರೆ ಸಪ್ಲಿಮೆಂಟಲ್ ಕ್ಲೇಮ್, ಫಾರ್ಮ್ 20-0995. ನಾವು ಹಾಕಿದ್ದು ಇದು. ಕ್ಯಾಲೆಂಡರು, ವಾಟ್ಸಾಪ್, ನಾದಿನಿಯ ಹೇಳಿಕೆ, ನ್ಯೂರಾಲಜಿಸ್ಟ್ ತುಂಬಿದ ಡಿಬಿಕ್ಯೂ. 30 ಬಂತು, ಬಾಕಿಯನ್ನು ಮೊದಲ ಕ್ಲೇಮಿನ ತಾರೀಖಿನಿಂದ ಲೆಕ್ಕ ಹಾಕಿ ಕೊಟ್ಟರು. ಪುರಾವೆ ಎಲ್ಲ ಮೊದಲೇ ಇತ್ತು, ಅವರು ನೋಡಿದ್ದೇ ತಪ್ಪು ಅನ್ನಿಸಿದರೆ ಹೈಯರ್ ಲೆವೆಲ್ ರಿವ್ಯೂ, 20-0996. ಹಿರಿಯ ಅಧಿಕಾರಿ ಮತ್ತೆ ನೋಡುತ್ತಾರೆ, ಹೊಸ ಕಾಗದ ಒಂದೂ ಸೇರಿಸುವಂತಿಲ್ಲ, ಬೇಕಾದರೆ ಫೋನಿನಲ್ಲಿ ಮಾತಾಡಬಹುದು. ಮೂರನೆಯದು ಮೇಲ್ಮನವಿ ಮಂಡಳಿ, ಫಾರ್ಮ್ 10182. ಅಲ್ಲಿ ನ್ಯಾಯಾಧೀಶರು ನೋಡುತ್ತಾರೆ, ಸಮಯ ಜಾಸ್ತಿ ಹಿಡಿಯುತ್ತದೆ.

ಬೇರೆ ರೇಟಿಂಗ್‌ಗಳೂ ಇದ್ದರೆ ಸುಮ್ನೆ ಕೂಡಿಸಬೇಡಿ. ವಿಎ ಗಣಿತದಲ್ಲಿ 50 ಮತ್ತು 30 ಸೇರಿದರೆ 80 ಆಗುವುದಿಲ್ಲ. 50 ಹೋಗಿ ಉಳಿದ 50ರಲ್ಲಿ 30 ಪರ್ಸೆಂಟ್ ಅಂದರೆ 15, ಒಟ್ಟು 65, ಹತ್ತಿರದ ಹತ್ತಕ್ಕೆ ತಂದರೆ 70. ಮೈಗ್ರೇನ್ ಮತ್ತು ಬೇರೆ ಕಾಯಿಲೆ ಸೇರಿ ಸ್ಥಿರವಾದ ಕೆಲಸ ಮಾಡಲು ಆಗುತ್ತಲೇ ಇಲ್ಲ ಅನ್ನುವವರು ಟಿಡಿಐಯು ಅನ್ನುವ ಸೌಲಭ್ಯ ನೋಡಿ, ಫಾರ್ಮ್ 21-8940. ಒಂದೇ ಕಾಯಿಲೆ 60, ಇಲ್ಲವೇ ಒಂದು 40 ಇದ್ದು ಒಟ್ಟು 70 ಇದ್ದರೆ ಅದಕ್ಕೆ ಅರ್ಜಿ ಹಾಕಬಹುದು, ಸಿಕ್ಕರೆ 100ರ ದರದಲ್ಲಿ ಕೊಡುತ್ತಾರೆ.

ಸೇವೆ ಮುಗಿಸಿ ಬೆಂಗಳೂರಿಗೋ ಮೈಸೂರಿಗೋ ವಾಪಸ್ ಬಂದು ನೆಲೆಸುವ ಯೋಚನೆ ಇರುವವರಿಗೆ: ದೇಶ ಬಿಟ್ಟ ಮಾತ್ರಕ್ಕೆ ಈ ಪರಿಹಾರ ನಿಲ್ಲುವುದಿಲ್ಲ. ಸೇವೆಗೆ ಸಂಬಂಧಿಸಿದ ಅಂತ ಒಪ್ಪಿದ ಕಾಯಿಲೆಗೆ ಇಲ್ಲಿ ಮಾಡಿಸಿದ ಚಿಕಿತ್ಸೆಯ ಖರ್ಚಿಗೆ ಫಾರಿನ್ ಮೆಡಿಕಲ್ ಪ್ರೋಗ್ರಾಂ ಅಂತ ಇದೆ, ಮೊದಲೇ ಹೆಸರು ನೋಂದಾಯಿಸಿಕೊಳ್ಳಿ. ಆಸ್ಪತ್ರೆಯಲ್ಲಿ ಬಿಲ್ ತೆಗೆದುಕೊಳ್ಳುವಾಗ ಕಾಯಿಲೆಯ ಹೆಸರು, ಏನು ಚಿಕಿತ್ಸೆ, ತಾರೀಖು ಎಲ್ಲ ಇಂಗ್ಲಿಷ್‌ನಲ್ಲಿ ಬರೆಸಿಕೊಳ್ಳಿ. ವಿಳಾಸ ಬದಲಾದರೆ ವಿಎಗೆ ತಕ್ಷಣ ತಿಳಿಸಿ, ಮರುಪರೀಕ್ಷೆಯ ಪತ್ರ ಟೆಕ್ಸಾಸ್‌ನ ಹಳೇ ಮನೆಯ ಬಾಗಿಲಿಗೆ ಹೋಗಿ ಬಿದ್ದಿದ್ದರೆ ಅದು ನಿಮಗೆ ಗೊತ್ತಾಗುವುದು ದುಡ್ಡು ಕಮ್ಮಿಯಾದ ಮೇಲೇ.